ಗೂಡಿಗೆ ಬೆಂಕಿ ಹಾಕುತ್ತಿದ್ದ ಮೇಡಂ

ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದ ಒಂದು ಮಧ್ಯಾಹ್ನ ನಮ್ಮ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಡಂ ಇದ್ದಕ್ಕಿದ್ದಂತೆ ನಗತೊಡಗಿದರು. ಅವರು ನಗುವುದೇ ಅಪರೂಪ. ಏನು ಮೇಡಂ ಎಂದೆ. ಕೈಯಲ್ಲಿದ್ದ ಪತ್ರಿಕೆಯನ್ನು ನನ್ನ ಮುಂದೆ ತಳ್ಳಿದರು. ಭೂಮಿಯ ಉಷ್ಣತೆ ಹೆಚ್ಚಲು ಕಾರಣಗಳನ್ನು ಬರೆಯಿರಿ ಎಂಬ ಪ್ರಶ್ನೆಗೆ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: 'ಭೂಮಿ ಬಿಸಿಯಾಗಲು ಮುಖ್ಯ ಕಾರಣ ನಮ್ಮ ವಿಜ್ಞಾನದ ಮೇಡಂ. ಅವರು ಪ್ರತಿ ವರ್ಷ ಇಟ್ಟಿಗೆ ಗೂಡಿಗೆ ಬೆಂಕಿ ಹಾಕುತ್ತಾರೆ. ಎರಡನೆಯ ಕಾರಣ ಲಾರಿ, ಬಸ್ಸು. ಮೂರನೆಯದು ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವುದು.'

"ಇದಕ್ಕೆ ಸೊನ್ನೆ ಕೊಡ್ತೀರೋ, ಟೀಸಿ ಕೊಡ್ತೀರೋ?" ಎಂದು ಕೇಳಿದೆ.

"ಪೂರ್ತಿ ಮಾರ್ಕ್ಸ್ ಕೊಡ್ತೀನಿ. ಪುಸ್ತಕದಲ್ಲಿ 'ಮಾನವನ ಚಟುವಟಿಕೆಗಳು' ಅಂತ ಬರೆದವ್ರೆ. ಆ ಮಾನವ ಯಾರು ಅಂತ ಇವಳು ಹುಡುಕಿದ್ದಾಳೆ ನೋಡಿ ಮೇಷ್ಟ್ರೇ," ಎಂದು ಕೆಂಪು ಇಂಕಿನಲ್ಲಿ ಮಾರ್ಕ್ಸ್ ಹಾಕಿ ಮುಂದಿನ ಪತ್ರಿಕೆ ತೆಗೆದುಕೊಂಡರು.

ಆ ಮೇಡಂ ಹೋದರು ಎಂದು ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. ಮಣ್ಣಿಗೆ ಹೋಗಿಬಂದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹಾಕಿದರೆ ಸನ್ಮಾನ ಮಾಡಿದ ಹಾಗಾಗುತ್ತದೆ, ಸನ್ಮಾನವೆಂದರೆ ಅವರಿಗೆ ಆಗುತ್ತಿರಲಿಲ್ಲ. ಶಾಲು ಹಿಡಿದು ಬಂದವರನ್ನು "ಈ ಸೆಕೇಲಿ ಇದ್ಯಾಕ್ರೀ, ಒಂದು ಲೋಟ ನೀರು ಕೊಡಿ" ಎಂದು ಪೆಚ್ಚುಮಾಡಿ ಕಳಿಸುತ್ತಿದ್ದರು.

ನಾನು ನಂಜನಗೂಡಿನವನು. ತೊಂಬತ್ತರ ದಶಕದ ಶುರುವಿನಲ್ಲಿ ತಿ. ನರಸೀಪುರದ ಒಂದು ಹೈಸ್ಕೂಲಿಗೆ ಕನ್ನಡ ಮೇಷ್ಟ್ರಾಗಿ ಸೇರಿ, ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮೇಡಂ ನನಗಿಂತ ಮೊದಲೇ ಅಲ್ಲಿದ್ದರು. ಎತ್ತರದ ಆಳು, ದೊಡ್ಡ ಗಂಟಲು, ನೂಲಿನ ಸೀರೆ, ಹಣೆ ತುಂಬ ವಿಭೂತಿ. ಅವರಿಗೊಂದು ವಿಚಿತ್ರ ಅಭ್ಯಾಸವಿತ್ತು. ಯಾವ ಕಟ್ಟಡದೊಳಗೆ ಕಾಲಿಟ್ಟರೂ ಮೊದಲು ಗೋಡೆಗೆ ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಡುವುದು. ಮದುವೆ ಛತ್ರದಲ್ಲಿ ಗಾರೆ ಬಿದ್ದ ಗೋಡೆಗೆ ಕುಟ್ಟಿ, ಅಕ್ಷತೆ ಹಾಕುವ ಮುಂಚೆಯೇ "ಅರೆಬೆಂದ ಇಟ್ಟಿಗೆ" ಎಂದು ತೀರ್ಪು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಹೆಣ್ಣಿನ ಕಡೆಯವರು ಯಾರ ಬಗ್ಗೆ ಹೇಳಿದರೋ ಎಂದು ಗಾಬರಿಯಾಗಿದ್ದರು.

ಇಟ್ಟಿಗೆಯ ಗುಣ ಗೊತ್ತಿದ್ದದ್ದು ಮನೆಯಿಂದಲೇ. ಅವರ ಮಾವ ಹೊಳೆಯ ದಂಡೆಯ ಜಮೀನಿನಲ್ಲಿ ಇಟ್ಟಿಗೆ ಗೂಡು ಹಾಕಿದ್ದರು. ಮಾವನ ನಂತರ ಗಂಡ ನೋಡಿಕೊಳ್ಳುತ್ತಿದ್ದರು. ಗಂಡ ಚಿಕ್ಕ ವಯಸ್ಸಿಗೇ ಕಾಯಿಲೆಯಾಗಿ ತೀರಿಕೊಂಡ ಮೇಲೆ ಗೂಡು, ವಯಸ್ಸಾದ ಅತ್ತೆ ಎರಡೂ ಮೇಡಂ ಪಾಲಿಗೆ ಬಂದವು. ಮಕ್ಕಳಿರಲಿಲ್ಲ. ಸೋಮವಾರದಿಂದ ಶನಿವಾರ ಪಾಠ, ಭಾನುವಾರ ಗೂಡು. ಗೂಡಿನ ಕೆಲಸವನ್ನೆಲ್ಲ ನಡೆಸುತ್ತಿದ್ದವನು ಮೇಸ್ತ್ರಿ ಮಾದಯ್ಯ. ಅವನ ಹೆಂಡತಿ ಕೆಂಪಮ್ಮ, ಇನ್ನೂ ಕೆಲವು ಸಂಸಾರಗಳು ಸುಗ್ಗಿ ಮುಗಿದ ಮೇಲೆ ಬಂದು ಗೂಡಿನ ಬಯಲಲ್ಲೇ ಗುಡಿಸಲು ಹಾಕಿಕೊಂಡು, ಮುಂಗಾರು ಹಿಡಿಯುವವರೆಗೆ ಮಣ್ಣು ತುಳಿದು, ಇಟ್ಟಿಗೆ ಕುಯ್ದು, ಸುಟ್ಟು ಬದುಕುತ್ತಿದ್ದರು.

ಆ ಗೂಡಿಗೊಂದು ಪದ್ಧತಿ ಇತ್ತು. ಸಂಕ್ರಾಂತಿ ಕಳೆದ ಮೇಲೆ ವರ್ಷದ ಮೊದಲ ಗೂಡಿಗೆ ಯಜಮಾನರ ಕೈಯಿಂದಲೇ ಬೆಂಕಿ ಬೀಳಬೇಕು. ಗೂಡಿನಿಂದ ಉಣ್ಣುವ ಮನೆಯ ಕೈ ತಾಗದಿದ್ದರೆ ಇಟ್ಟಿಗೆ ಬೇಯುವುದಿಲ್ಲ ಎಂದು ಕೆಲಸದವರ ನಂಬಿಕೆ. ಗಂಡ ಹೋದ ವರ್ಷ ನೆಂಟರೊಬ್ಬರು, ವಿಧವೆ ಯಾಕೆ ಹಾಕಬೇಕು, ನಾನು ಹಾಕುತ್ತೇನೆ ಎಂದು ಮುಂದೆ ಬಂದರಂತೆ. ಮಾದಯ್ಯ ಬೆಂಕಿಪೊಟ್ಟಣವನ್ನು ಅವರಿಗೆ ಕೊಡದೆ ಮೇಡಂ ಕೈಗಿಟ್ಟು, "ನೀವೇ ಆಕ್ಬೇಕು ಕಣ್ರಮ್ಮಾ. ಇನ್ಯಾರ್ ಕೈಲೂ ಇದು ಮಾತ್ ಕೇಳಕಿಲ್ಲ" ಎಂದನಂತೆ. ಅಂದಿನಿಂದ ಪ್ರತಿ ವರ್ಷ ಅವರೇ ಹಾಕುತ್ತಿದ್ದರು. ಅವತ್ತು ಸಿಹಿ ಪೊಂಗಲ್ ಮಾಡಿ ಸ್ಟಾಫಿನವರನ್ನೆಲ್ಲ ಕರೆಯುತ್ತಿದ್ದರು. ನಾನು ಪೊಂಗಲ್ ತಪ್ಪಿಸಿಕೊಂಡವನಲ್ಲ.

ಭಾನುವಾರ ಬೆಂಕಿ ಹಾಕಿದವರು ಸೋಮವಾರ ಅದರ ಫಲ ಏನು ಎಂದು ಪಾಠ ಮಾಡುತ್ತಿದ್ದರು. ಪುಸ್ತಕದಲ್ಲಿ 'ಹಸಿರುಮನೆ ಪರಿಣಾಮ' ಎಂದಿತ್ತು. ನರಸೀಪುರದ ಮಕ್ಕಳು ಗಾಜಿನ ಹಸಿರುಮನೆಯನ್ನು ಎಲ್ಲಿ ನೋಡಿದ್ದಾರು? ಮೇಡಂ ಅವರನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, ಮಟಮಟ ಬಿಸಿಲಲ್ಲಿ ಕಿಟಕಿ ಮುಚ್ಚಿ ನಿಂತಿದ್ದ ತಲಕಾಡು ಬಸ್ಸಿಗೆ ಹತ್ತಿಸಿ, ಕಂಡಕ್ಟರನ ಕೈಕಾಲು ಹಿಡಿದು ಬಾಗಿಲು ಹಾಕಿಸಿಬಿಟ್ಟರು. ಸ್ವಲ್ಪ ಹೊತ್ತಿಗೆ ಮಕ್ಕಳು ಬೆವೆತು ತೊಪ್ಪೆಯಾದವು.

"ಬಿಸಿಲು ಒಳಗೆ ಬರುತ್ತೆ, ಶಾಖ ಹೊರಗೆ ಹೋಗಲ್ಲ. ಭೂಮಿಗೂ ಹಿಂಗೇ ಒಂದು ಹೊದಿಕೆ ಇದೆ, ಗಾಳೀದು. ಅದು ತೆಳ್ಳಗಿದ್ರೆ ನಾವು ಬದುಕ್ತೀವಿ. ನಾನು ಸೌದೆ ಸುಟ್ಟು, ಲಾರಿಯವನು ಡೀಸೆಲ್ ಸುಟ್ಟು, ಕರೆಂಟಿನವರು ಕಲ್ಲಿದ್ದಲು ಸುಟ್ಟು, ಆ ಹೊದಿಕೇನ ದಪ್ಪ ಮಾಡ್ತಾ ಇದ್ದೀವಿ."

"ಇಳೀಬೋದಾ ಮೇಡಂ?" ಎಂದಿತು ಒಂದು ಮಗು.

"ಬಸ್ಸಿಂದ ಇಳೀಬೋದು. ಭೂಮಿಯಿಂದ ಇಳಿದು ಎಲ್ಲಿಗೆ ಹೋಗ್ತೀಯಾ?"

ಅವರು ಪಾಠದಲ್ಲಿ ಯಾವತ್ತೂ 'ಮನುಷ್ಯರು' ಎನ್ನುತ್ತಿರಲಿಲ್ಲ. 'ನಾನು' ಎನ್ನುತ್ತಿದ್ದರು. ಆ ಹುಡುಗಿ ಹಾಗೆ ಉತ್ತರ ಬರೆದದ್ದು ಅದಕ್ಕೇ. ಹೊಗೆ ಎಲ್ಲಿಗೋ ಹೋಗುತ್ತೆ ಎಂದು ಯಾರಾದರೂ ಹೇಳಿದರೆ, "ಎಲ್ಲಿಗೋ ಅನ್ನೋ ಊರು ಯಾವ ತಾಲ್ಲೂಕಲ್ಲಿದೆ?" ಎಂದು ಕೇಳುತ್ತಿದ್ದರು.

ಸೌದೆಯ ಲಾರಿ ಬಂದಾಗ ಅವರ ಮುಖ ನೋಡಬೇಕಿತ್ತು. ಹಳ್ಳಿಗಳಲ್ಲಿ ಕಡಿದು ತಂದ ಹುಣಸೆ, ಹೊಂಗೆ, ಮಾವಿನ ದಿಮ್ಮಿಗಳು. ಒಂದು ಸಲ ನಾನು ಅಲ್ಲೇ ಇದ್ದೆ. ಲಾರಿಯವನನ್ನು ಎಲ್ಲಿಯ ಮರ ಎಂದರು. ಹದಿನಾರು ಅನ್ನೋ ಊರಿನ ಕಡೆಯದು ಎಂದ. "ಬೇರೆ ಸಸಿ ನೆಟ್ಟಿದ್ದಾರಾ?" ಎಂದರು. ಅವನು ಕಿವಿ ಕೇಳದವನ ಹಾಗೆ ಹಗ್ಗ ಬಿಚ್ಚತೊಡಗಿದ. ಮೇಡಂ ನನ್ನ ಕಡೆ ತಿರುಗಿ, "ಮತ್ತೊಂದು ಮರ ಅಲ್ಲೇ ಬೆಳೆದ್ರೆ ಹೊಗೇಲಿ ಹೋದದ್ದನ್ನ ಅದು ವಾಪಸ್ ಎಳ್ಕೊಳ್ಳುತ್ತೆ ಮೇಷ್ಟ್ರೇ. ನಾವು ಬೆಳೆಸಲ್ಲ, ಬರೀ ಕಡೀತೀವಿ" ಎಂದರು.

"ಇಷ್ಟೆಲ್ಲ ಗೊತ್ತಿದ್ದೂ ಯಾಕೆ ನಡೆಸ್ತೀರಿ? ಮುಚ್ಚಿಬಿಡಿ, ನಿಮಗೇನು, ಸಂಬಳ ಬರುತ್ತೆ," ಎಂದೆ. ನನಗೆ ಮಾತು ಸುಲಭ.

ಅವರು ಗುಡಿಸಲುಗಳ ಕಡೆ ಕೈ ತೋರಿಸಿದರು. "ನನಗೆ ಸಂಬಳ ಬರುತ್ತೆ. ಇವರಿಗೆ? ನಾಳೆ ಮುಚ್ಚಿದ್ರೆ ಇವರೆಲ್ಲ ಪಕ್ಕದ ಗೂಡಿಗೆ ಹೋಗ್ತಾರೆ. ಅಲ್ಲಿ ಜಾಗ ಇಲ್ಲದವರು ಉಪವಾಸ. ಹೊಗೆ ಹಂಗೇ ಇರುತ್ತೆ, ನನ್ನ ಕಣ್ಣಿಗೆ ಬೀಳಲ್ಲ ಅಷ್ಟೆ. ಗೂಡು ಆರ್ಬೇಕು, ಇವರ ಮನೆ ಒಲೆ ಆರಬಾರದು. ಅಂಥದ್ದೇನಾದ್ರೂ ಇದ್ರೆ ಹೇಳಿ."

ಅಂಥದ್ದನ್ನು ಅವರು ಹುಡುಕುತ್ತಲೇ ಇದ್ದರು. ಆ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನಲ್ಲಿ ವಿಜ್ಞಾನ ಶಿಕ್ಷಕರ ತರಬೇತಿಗೆ ಹೋದವರು, ಬರುವಾಗ ಮುಖ ಅರಳಿಸಿಕೊಂಡು ಬಂದರು. ಅಲ್ಲಿ ಯಾರೋ ಸುಡದ ಇಟ್ಟಿಗೆ ಮಾಡುವುದನ್ನು ತೋರಿಸಿದ್ದರಂತೆ. ಮಣ್ಣಿಗೆ ಮರಳು, ಸ್ವಲ್ಪವೇ ಸಿಮೆಂಟು ಬೆರೆಸಿ, ಉದ್ದ ಹಿಡಿಕೆಯ ಕಬ್ಬಿಣದ ಯಂತ್ರದಲ್ಲಿ ಒತ್ತಬೇಕು. ಆಮೇಲೆ ಗೋಣಿತಾಟು ಹೊದಿಸಿ ಮೂರು ವಾರ ನೀರು ಹಾಕುತ್ತಾ ಒದ್ದೆಯಾಗಿ ಇಡಬೇಕು. ಬೆಂಕಿಯ ಮಾತೇ ಇಲ್ಲ.

"ಸಿಮೆಂಟೂ ಬೆಂಕೀಲೇ ಆಗೋದಲ್ವಾ?" ಎಂದು ನಾನು ಕೊಕ್ಕೆ ಹಾಕಿದೆ.

"ಹೌದು, ಅದರ ಹೊಗೇನೂ ನನ್ನ ತಲೆ ಮೇಲೇ. ಆದ್ರೆ ಪೂರ್ತಿ ಊಟಕ್ಕೂ ಉಪ್ಪಿನಕಾಯಿಗೂ ವ್ಯತ್ಯಾಸ ಇದೆ. ಅದಕ್ಕಿಂತ ಮುಖ್ಯ ಏನು ಗೊತ್ತಾ? ಒತ್ತೋಕೆ ಇಷ್ಟೇ ಕೈ ಬೇಕು. ಒಬ್ಬರನ್ನೂ ಕಳಿಸ್ಬೇಕಿಲ್ಲ."

ಯಂತ್ರ ಬಂತು. ನಮ್ಮ ಶಾಲೆಗೆ ಒಂದು ಹೊಸ ಕೊಠಡಿ ಕಟ್ಟುವುದೆಂದು ಸಮಿತಿಯವರು ಗೊತ್ತುಮಾಡಿದ್ದರು. ಮೇಡಂ ಹೋಗಿ, ಆ ಕೊಠಡಿಗೆ ನನ್ನ ಹಸಿ ಇಟ್ಟಿಗೆ ತೆಗೆದುಕೊಳ್ಳಿ, ಊರಿನವರು ಕಣ್ಣಾರೆ ನೋಡಲಿ ಎಂದು ಕೇಳಿದರು. ಅಧ್ಯಕ್ಷರು ಬಹಳ ಹೊತ್ತು ಮೀಸೆ ತಿರುವಿ ಒಪ್ಪಿದರು. ಆ ಕೊಠಡಿ ನಿಂತರೆ ನಾಲ್ಕು ಜನ ಕೇಳುತ್ತಾರೆ, ಕೇಳಿದರೆ ಬಯಲಿನವರಿಗೆಲ್ಲ ಕೆಲಸ ಸಿಗುತ್ತದೆ, ಆಗ ಗೂಡನ್ನು ತಣ್ಣಗೆ ಬಿಡಬಹುದು. ಇದು ಮೇಡಂ ಲೆಕ್ಕಾಚಾರ. ಆ ಬೇಸಿಗೆಯೆಲ್ಲ ಅವರು ಸ್ಕೂಲು ಮುಗಿದ ಕೂಡಲೇ ಬಯಲಿಗೆ ಓಡುತ್ತಿದ್ದರು. ಮಾದಯ್ಯನ ಕಡೆಯವರು ಹೇಳಿದ್ದನ್ನು ಮಾಡಿದರು, ಆದರೆ ಮನಸ್ಸಿಟ್ಟಲ್ಲ. ಬೆಂಕಿ ಕಾಣದ್ದನ್ನು ಇಟ್ಟಿಗೆ ಎನ್ನಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಅವರ ಮಾತಿನಲ್ಲಿ ಅದು 'ಅಮ್ಮಾವ್ರ ಮುದ್ದೆ'.

ಕೊಠಡಿಗೆ ಸಾಕಾಗುವಷ್ಟು ಒತ್ತಿ ಸಾಲಾಗಿ ಪೇರಿಸಿ ನೀರು ಹಾಕುತ್ತಿದ್ದಾಗ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮೇಡಂ ಅವರನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿ ಅಲ್ಲೇ ಉಳಿದರು. ಹೋಗುವಾಗ ಮಾದಯ್ಯನಿಗೆ, ನೀರು ಹಾಕೋದು ಮರೀಬೇಡ, ಇಟ್ಟಿಗೆ ಚೆನ್ನಾಗಿ ನೋಡ್ಕೋ ಎಂದಷ್ಟೇ ಹೇಳಿದ್ದರು. ಅತ್ತೆ ಚೇತರಿಸಿಕೊಳ್ಳುತ್ತಿದ್ದಾರೆಂದು ತಿಳಿದು ನಾನೊಂದು ದಿನ ನೋಡಲು ಹೋದೆ. ರಾತ್ರಿಗೆ ನಾದಿನಿ ಬಂದಿರುತ್ತಾರೆ, ಊರಿಗೆ ಹೋಗಿ ಒಂದು ಸಲ ಇಟ್ಟಿಗೆ ನೋಡಿ ಬರುತ್ತೇನೆ ಎಂದು ಮೇಡಂ ನನ್ನ ಜೊತೆಯಲ್ಲೇ ಹೊರಟರು.

ಬಸ್ಸು ಹೊಳೆಯ ಸೇತುವೆಗೆ ಬಂದಾಗ ಮೇಡಂ ಕಿಟಕಿಯಿಂದ ನೋಡುತ್ತಿದ್ದವರು ಎದ್ದು ನಿಂತರು.

"ನಮ್ಮ ಗೂಡಲ್ಲಿ ಹೊಗೆ ಬರ್ತಿದೆ. ಯಾರು ಹಾಕಿದ್ರು ಬೆಂಕಿ?"

ನಾವು ಬಯಲಿಗೆ ಹೋದಾಗ ಸಾಲುಗಳು ಇದ್ದ ಜಾಗ ಖಾಲಿಯಾಗಿತ್ತು. ಗೋಣಿತಾಟುಗಳನ್ನು ಮಡಿಸಿ ಒಂದು ಕಡೆ ಇಟ್ಟಿದ್ದರು. ಮಾದಯ್ಯ ತಲೆಗೆ ಸುತ್ತಿದ್ದ ಟವಲು ಬಿಚ್ಚಿಕೊಂಡು ಎದುರಿಗೆ ಬಂದ. ಮುಖದಲ್ಲಿ ಗೆದ್ದ ಕಳೆ.

"ಎಲ್ಲಾನೂ ಉಳಿಸ್ಬುಟ್ಟೋ ಕಣ್ರಮ್ಮಾ! ಮೂಡ್ಲಿಂದ ಮೋಡ ಕವ್ಕಂಡ್ ಬತ್ತು. ಅಸಿ ಇಟ್ಗೆ, ಮಳೆ ಬಿದ್ರೆ ಬರೀ ಕೆಸ್ರು. ಯೆಂಗುಸ್ರು, ಗಂಡುಸ್ರು ಎಲ್ಲಾ ಸೇರ್ಕಂಡು ಒಂದೇ ಸಮ್ನೆ ಒತ್ಕಂಡೋಗಿ ಗೂಡ್ಗೆ ಜೋಡುಸ್ಬುಟ್ಟೋ. ಇದ್ಕೆ ಕೂಲಿ ಬ್ಯಾಡ, ಅಮ್ಮಾವ್ರು ಕಷ್ಟದಲ್ಲವ್ರೆ ಅಂತ ಎಲ್ಲಾ ಅಂದ್ರು."

ಮೇಡಂ ಗೂಡಿನ ಹತ್ತಿರ ಹೋಗಿ ಬಗ್ಗಿ ನೋಡಿದರು. ಅವರ ಕೈಯಿಲ್ಲದೆ ಬೆಂಕಿ ಹಾಕಿದ್ದಕ್ಕೆ ಸಿಟ್ಟಾಗಿದ್ದಾರೆ ಎಂದುಕೊಂಡ ಮಾದಯ್ಯ ಅವಸರವಾಗಿ ಸೇರಿಸಿದ. "ನಿಮ್ ಕೈ ತಾಗ್ನಿಲ್ಲ ಅನ್ಕಬ್ಯಾಡಿ. ಸಂಕ್ರಾಂತೀಲಿ ನೀವ್ ಗೀಚುದ್ರಲ್ಲಾ, ಅದೇ ಬೆಂಕಿಪೊಟ್ನ. ನಾನು ಪ್ರತಿ ವರ್ಸಾನೂ ಅದ್ನ ಜ್ವಾಪಾನಾಗಿ ಮಡಿಕತ್ತೀನಿ. ಅದ್ರಲ್ಲೇ ಅಚ್ಚುದ್ದು."

ಆ ಇಟ್ಟಿಗೆಗೆ ಮಳೆ ಬಿದ್ದಿದ್ದರೆ ಒಳ್ಳೆಯದೇ ಆಗುತ್ತಿತ್ತು. ಆಗಲೇ ಗಟ್ಟಿಯಾಗಿತ್ತು, ಇನ್ನೂ ನೀರು ಬೇಕಿತ್ತು. ಬೆಂಕಿ ಮಾತ್ರ ಆಗುತ್ತಿರಲಿಲ್ಲ. ಮರಳು ಹೆಚ್ಚಿರುವ ಮಣ್ಣು ಸುಟ್ಟರೆ ಕೂಡಿಕೊಳ್ಳುವುದಿಲ್ಲ, ಸಿಮೆಂಟು ಸುಣ್ಣವಾಗಿ ಕೂರುತ್ತದೆ. ಇದು ನನಗೆ ಆಮೇಲೆ ತಿಳಿದದ್ದು. ಮೇಡಂಗೆ ಅಲ್ಲಿ ನಿಂತಾಗಲೇ ತಿಳಿದಿತ್ತು. ಹೊತ್ತಿಕೊಂಡ ಗೂಡನ್ನು ನಡುವೆ ಆರಿಸಲೂ ಬರುವುದಿಲ್ಲ. ಅವರು ಮಣ್ಣಿನ ಮೇಲೆ ಹಾಗೇ ಕೂತುಬಿಟ್ಟರು. ಮಾದಯ್ಯನಿಗೆ ಈಗ ಬೈಯುತ್ತಾರೆ, ಅಥವಾ ಅಳುತ್ತಾರೆ ಎಂದು ಕಾದೆ.

ಮೇಡಂ ತಲೆಯೆತ್ತಿ, "ಎಲ್ಲ ಊಟ ಮಾಡಿದ್ರಾ?" ಎಂದರು.

"ಇನ್ನೂ ಇಲ್ಲ ಕಣ್ರಮ್ಮಾ. ಬೆಂಕಿ ನೋಡ್ಕತಿದ್ದೋ."

"ಮೊದಲು ಊಟ ಮಾಡಿ."

ಅಷ್ಟೇ ಹೇಳಿದ್ದು. ದಾರಿಯಲ್ಲಿ ನಾನು, ಅವನಿಗೆ ಒಂದು ಮಾತಾದರೂ ಹೇಳಬೇಕಿತ್ತು ಎಂದೆ. "ಏನಂತ ಹೇಳ್ಲಿ ಮೇಷ್ಟ್ರೇ? ಹೆಂಗೆ ಮಾಡ್ಬೇಕು ಅಂತ ಹೇಳಿದ್ದೆ, ಯಾಕೆ ಅಂತ ಹೇಳಿರ್ಲಿಲ್ಲ. ಕ್ಲಾಸಲ್ಲಿ ಬಸ್ ಹತ್ತಿಸಿ ಪಾಠ ಮಾಡೋಳು ನಾನು. ಇವರಿಗೆ ಯಾವತ್ತೂ ಕೂತು ಹೇಳೇ ಇಲ್ಲ," ಎಂದರು.

ಗೂಡು ಆರಿದ ಮೇಲೆ ಇಟ್ಟಿಗೆಗಳು ನೋಡುವುದಕ್ಕೆ ಕೆಂಪಗೆ ಚೆನ್ನಾಗಿಯೇ ಇದ್ದವು. ಅಧ್ಯಕ್ಷರು ಖುಷಿಯಾಗಿ, ಇದೇ ಸರಿ ಮೇಡಂ, ಗಾಡಿ ಕಳಿಸುತ್ತೇನೆ ಎಂದರು. ಮೇಡಂ ಎಲ್ಲರೆದುರಿಗೆ ಒಂದನ್ನು ಬಕೆಟ್ ನೀರಿಗೆ ಹಾಕಿಟ್ಟು, ನಾಳೆ ನೋಡಿ ಹೇಳಿ ಎಂದರು. ಮಾರನೆಯ ದಿನ ಅದು ಬಿರಿದು ಎರಡಾಗಿತ್ತು, ಕೈಯಲ್ಲಿ ಹಿಡಿದರೆ ಪುಡಿ. ತಾವೇ ತೋರಿಸದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮಕ್ಕಳ ತಲೆ ಮೇಲೆ ಬೀಳುವವರೆಗೆ. ಸುಟ್ಟಿದ್ದರಿಂದ ಹೀಗಾಯಿತು, ಸುಡದಿದ್ದರೆ ಗಟ್ಟಿ ಇರುತ್ತಿತ್ತು ಎಂಬ ಅವರ ಮಾತು ಊರಿನ ಕಿವಿಗೆ ಹೋಗಲಿಲ್ಲ. ಮೇಡಂ ಇಟ್ಟಿಗೆ ಸುಟ್ಟರೂ ಕರಗುತ್ತದಂತೆ ಎಂಬ ಸುದ್ದಿ ಮಾತ್ರ ನಂಜನಗೂಡಿನವರೆಗೂ ಬಂತು. ಬಸ್ಸಿನಲ್ಲಿ ನನ್ನನ್ನೇ ಕೇಳಿ ನಕ್ಕವರಿದ್ದಾರೆ. ಶಾಲೆಯ ಕೊಠಡಿಗೆ ಪಕ್ಕದ ಗೂಡಿನ ಇಟ್ಟಿಗೆ ಹೋಯಿತು.

ಮುಂದಿನ ಸಂಕ್ರಾಂತಿಗೆ ನಾನೂ ಹೋಗಿದ್ದೆ. ಗೂಡು ಜೋಡಿಸಿ, ಸೌದೆ ತುಂಬಿ, ಎಲ್ಲರೂ ಕಾಯುತ್ತಿದ್ದರು. ಮೇಡಂ ಬೆಂಕಿಪೊಟ್ಟಣ ಹಿಡಿದುಕೊಂಡು ಅವರನ್ನೆಲ್ಲ ಕೂರಿಸಿ, ಹೊಗೆಯ ಕತೆಯನ್ನು ಮೊದಲಿನಿಂದ ಹೇಳಿದರು. ಬಸ್ಸಿನ ಉದಾಹರಣೆಯನ್ನೂ ಬಿಡಲಿಲ್ಲ. ಕೊನೆಗೆ, "ಇವತ್ತು ಹಾಕ್ತೀನಿ. ನಿಮಗೆ ಈ ವರ್ಷ ಬೇರೆ ದಾರಿ ತೋರ್ಸೋಕೆ ನನ್ನ ಕೈಲಿ ಆಗಿಲ್ಲ. ಆದ್ರೆ ಬರೋ ವರ್ಷ ನಾನು ಬೆಂಕಿ ಹಾಕಲ್ಲ," ಎಂದರು.

ಕೆಂಪಮ್ಮ ಎದ್ದಳು. ಅವಳ ನಾಲಿಗೆಗೆ ಇಡೀ ಬಯಲು ಹೆದರುತ್ತಿತ್ತು. "ಅಲ್ಲ ಕಣ್ರಮ್ಮಾ, ಮೈಸೂರಲ್ಲಿ ಕಾರು ಓಡುಸೋರ್ನ ಯಾರೂ ಕೇಳಕಿಲ್ಲ, ಮನೇಲಿ ಮಿಷಿನ್ ಮಡಿಕಂಡು ತಣ್ಣಗೆ ಮನಗೋರ್ನ ಕೇಳಕಿಲ್ಲ. ಭೂಮಿ ಬಿಸಿ ಆದ್ರೆ ಮೊದ್ಲು ನಮ್ ಒಟ್ಟೆಗೇ ಯಾಕ್ ತಣ್ಣೀರ್ ಬಟ್ಟೆ?"

"ನೀನು ಹೇಳೋದು ಸರಿ ಕೆಂಪಮ್ಮಾ. ಅವರನ್ನೂ ಕೇಳ್ಬೇಕು. ಅವರ ಮಕ್ಕಳು ಓದೋ ಸ್ಕೂಲಿಗೇ ಹೋಗಿ ಹೇಳ್ತೀನಿ. ಆದ್ರೆ ಅವರು ನಿಲ್ಲಿಸ್ಲಿ ಅಂತ ಕಾಯ್ತಾ ನಾನು ಸುಡ್ತಾ ಕೂತ್ರೆ, ಅವರೂ ನನ್ನನ್ನ ತೋರ್ಸ್ತಾ ಕೂತ್ಕೋತಾರೆ."

"ಮಾತೆಲ್ಲ ಸರಿ. ನಿಮ್ ಮುದ್ದೆ ಇಟ್ಗೆ ಮನೇಲಿ ಯಾರ್ ಮನಗ್ತಾರೆ? ಮೊದ್ಲು ನೀವ್ ಮನಗಿ. ಒಂದ್ ಮಳೆಗಾಲ ಕಳೀಲಿ, ಆಮ್ಯಾಕೆ ನಂಬ್ತೀವಿ."

ಮೇಡಂ "ಆಗ್ಲಿ" ಎಂದರು. ಆಮೇಲೆ ಕಡ್ಡಿ ಗೀಚಿ ಬೆಂಕಿ ಹಾಕಿದರು. ಅವತ್ತು ಮೊದಲ ಸಲ ನಾನು ಪೊಂಗಲ್ ಅರ್ಧಕ್ಕೆ ಬಿಟ್ಟೆ.

ಬೇಸಿಗೆಯಲ್ಲಿ ಅವರು ತಮ್ಮ ಮನೆಯ ಹೊಳೆ ಕಡೆಯ ಕೋಣೆಯ ಗೋಡೆಗಳನ್ನು ಒಡೆಸಿಹಾಕಿ, ಹೊಸದಾಗಿ ಒತ್ತಿದ ಸುಡದ ಇಟ್ಟಿಗೆಯಲ್ಲಿ ಕಟ್ಟಿಸಿದರು. ಹೊರಗೆ ಗಾರೆ ಹಾಕಿಸಲಿಲ್ಲ. ಹಾಕಿಸಿದರೆ ಕೆಂಪಮ್ಮ ಗಾರೆಯಿಂದ ನಿಂತಿದೆ ಎನ್ನುತ್ತಾಳೆ ಎಂದರು. ಈ ಸಲ ನೀರು ಹಾಕಿದವನು ಮಾದಯ್ಯ. ಮೋಡ ಕಂಡಾಗಲೆಲ್ಲ ಅವನು ಎದ್ದು ನಿಲ್ಲುತ್ತಿದ್ದ, ಮೇಡಂ ಕೂತ್ಕೋ ಎನ್ನುತ್ತಿದ್ದರು. ಮುಂಗಾರು ಹಿಡಿದಾಗ ಮೇಡಂ ಆ ಕೋಣೆಗೆ ಮಂಚ ಹಾಕಿಸಿಕೊಂಡರು. ಸೊಂಟ ಮುರಿದು ಹಾಸಿಗೆ ಹಿಡಿದಿದ್ದ ಅತ್ತೆಯನ್ನು ಹಳೆಯ ಕೋಣೆಯಲ್ಲೇ ಇರಿ ಎಂದರೆ ಆ ಮುದುಕಿ, "ನೀನೊಬ್ಳೇ ಯಾಕವ್ವಾ ಗ್ವಾಡೆ ಕೆಳಗೆ ಸಾಯಬೇಕು, ನನ್ ಮಂಚಾನೂ ಹಾಕ್ಸು" ಎಂದು ಹಟ ಹಿಡಿದರು. ಎರಡು ಮಂಚವೂ ಬಂದವು. ಮಳೆ ಬಂದ ದಿನವೆಲ್ಲ ಕೆಂಪಮ್ಮ ಬೆಳಗ್ಗೆ ತನ್ನ ಕೇರಿಯಿಂದ ಬಂದು ಹೊರಗಿನಿಂದ ಗೋಡೆಯನ್ನು ಕೈಯಿಂದ ಸವರಿ, ಉಗುರಿನಿಂದ ಕೆರೆದು, ಒಂದು ಮಾತೂ ಆಡದೆ ಹೋಗುತ್ತಿದ್ದಳು. ಆ ವರ್ಷ ಮಳೆ ಜೋರಾಗಿಯೇ ಇತ್ತು. ಹಿಂಗಾರು ಮುಗಿಯುವ ಹೊತ್ತಿಗೆ ಅವಳು ಬಾಗಿಲಲ್ಲಿ ನಿಂತು, ಸರ್ಕಾರದಿಂದ ತಮಗೆ ಮಂಜೂರಾದ ಮನೆಗೆ ಇದೇ ಇಟ್ಟಿಗೆ ಬೇಕು ಎಂದಳು. ಮೊದಲ ಗಿರಾಕಿ ಅವಳೇ. ಅವಳ ಬಾಯಿಂದ ಹೊರಟ ಮಾತು ಎಷ್ಟು ದೂರ ಹೋಗುತ್ತದೆಂದು ಬೇರೆ ಹೇಳಬೇಕಿಲ್ಲ. ಅವಳ ಕೇರಿಯವರು ಕೇಳಿದರು, ಆಮೇಲೆ ದೇವನೂರಿನ ಕಡೆಯ ಒಬ್ಬರು ದನದ ಕೊಟ್ಟಿಗೆಗೆ ಒಯ್ದರು.

ಮೇಡಂ ಇದರಿಂದ ಊರನ್ನು ಬದಲಾಯಿಸಿದರು ಎಂದು ಬರೆದರೆ ಸುಳ್ಳಾಗುತ್ತದೆ. ಯಂತ್ರದಲ್ಲಿ ಗೂಡಿನಷ್ಟು ಸಂಪಾದನೆ ಯಾವತ್ತೂ ಆಗಲಿಲ್ಲ. ಕೆಲಸ ಕಡಿಮೆಯಾದ ತಿಂಗಳಲ್ಲಿ ಅವರ ಸಂಬಳವೂ ಬಯಲಿಗೇ ಹೋಗುತ್ತಿತ್ತು. ಒಂದೆರಡು ಸಂಸಾರ ಪಕ್ಕದ ಗೂಡಿಗೆ ಹೋಗಿಯೂ ಬಿಟ್ಟವು. ದಂಡೆಯ ಮೇಲೆ ಬೇರೆ ಗೂಡುಗಳು ಇವತ್ತಿಗೂ ಉರಿಯುತ್ತಿವೆ. ಅವರು ನಿವೃತ್ತರಾದ ಮೇಲೆ ಒಮ್ಮೆ ನಾನು, "ಇಷ್ಟೊಂದು ಉರೀವಾಗ ನಿಮ್ಮದೊಂದು ಆರಿ ಏನ್ ಬಂತು ಮೇಡಂ?" ಎಂದು ಕೇಳಿದೆ. "ಆರ್ಸೋಕೆ ನನಗೆ ಹಕ್ಕಿದ್ದದ್ದು ಅದೊಂದೇ ಅಲ್ವೇನ್ರೀ. ಮಿಕ್ಕಿದ್ದಕ್ಕೆ ಹೋಗಿ ಹೋಗಿ ಹೇಳ್ತಾ ಇದ್ದೀನಿ, ಬೈಸ್ಕೊಂಡು ಬರ್ತಾ ಇದ್ದೀನಿ," ಎಂದರು. ನಿಜವಾಗಿಯೂ ಹೋಗುತ್ತಿದ್ದರು. ಪಕ್ಕದ ಗೂಡಿನ ಯಜಮಾನ ಅವರನ್ನು ಕಂಡರೆ ಸ್ಕೂಟರ್ ತಿರುಗಿಸಿಕೊಂಡು ಹೋಗುತ್ತಿದ್ದುದನ್ನು ನೋಡಿದ್ದೇನೆ. ಅವರು ಮಣ್ಣಾದ ದಿನ ಅವನೂ ಬಂದಿದ್ದ.

ಅವರನ್ನು ನೆನೆದಾಗ ನನ್ನ ಕಣ್ಣ ಮುಂದೆ ಬರುವುದು ಗೂಡಿಗೆ ಬೆಂಕಿ ಹಾಕದ ಮೊದಲ ಸಂಕ್ರಾಂತಿ. ಪದ್ಧತಿ ಬಿಡಬಾರದೆಂದು ಪೊಂಗಲ್ ಮಾಡಿ ಕರೆದಿದ್ದರು. ಹೊಸ ಕೋಣೆಯಲ್ಲಿ ಅತ್ತೆಯ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ತಿನ್ನುತ್ತಿದ್ದೆವು. ಮುದುಕಿಗೆ ಆಗ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಗಂಡ ಕಟ್ಟಿದ ಗೂಡು, ಮಗ ನಡೆಸಿದ ಗೂಡು. ಆ ದಿನ ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಬೆಂಕಿ ಹಾಕ್ಬುಟ್ಟು ಬಂದ್ಯಾ ಮಗಾ?" ಎಂದು ಕೇಳಿದರು.

ಮೇಡಂ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. ಅಷ್ಟು ಜನರಿಗೆ ಅಷ್ಟು ಸಲ ಹೇಳಿದವರು, ಗೂಡು ನಿಲ್ಲಿಸುವುದನ್ನು ಅತ್ತೆಗೆ ಮಾತ್ರ ಹೇಳಿರಲಿಲ್ಲವೆಂದು ನನಗೆ ಆಗ ಗೊತ್ತಾಯಿತು.

"ಇಲ್ಲ ಅತ್ತೆ. ಹಾಕಿಲ್ಲ. ಇನ್ನು ಹಾಕೋದಿಲ್ಲ."

ಮುದುಕಿ ಬೈಯುತ್ತಾರೋ ಅಳುತ್ತಾರೋ ತಿಳಿಯದೆ ನಾನು ಪೊಂಗಲ್ ಕಡೆ ನೋಡುತ್ತಾ ಕೂತೆ. ಆ ಕೋಣೆಗೆ ಬಯಲಿನ ಕಡೆಗೊಂದು ಕಿಟಕಿ ಇತ್ತು. ಮುದುಕಿ ಮದುವೆಯಾಗಿ ಬಂದಂದಿನಿಂದ ಸಂಕ್ರಾಂತಿಯಿಂದ ಮುಂಗಾರಿನವರೆಗೆ ಆ ದಿಕ್ಕಿನ ಕಿಟಕಿ ತೆಗೆದದ್ದಿಲ್ಲ, ತೆಗೆದರೆ ಹಾಸಿಗೆಯ ಮೇಲೆಲ್ಲ ಗೂಡಿನ ಮಸಿ. ಅವತ್ತೂ ಚಿಲಕ ಹಾಕಿಯೇ ಇತ್ತು.

"ಹಂಗಾರೆ ಆ ಕಿಟ್ಕಿ ತಗಿ," ಎಂದರು ಮುದುಕಿ.

ಮೇಡಂ ಎದ್ದು ಹೋಗಿ ತೆಗೆದರು. ಹೊಳೆಯ ಗಾಳಿ ಒಳಗೆ ಬಂತು. ಜೊತೆಗೆ ಯಂತ್ರದ ಹಿಡಿಕೆ ದಡಾರನೆ ಕೆಳಗಿಳಿಯುವ ಸದ್ದು, ಗೋಣಿತಾಟು ಒಣಗಿಹೋಗಿದೆ ಎಂದು ಯಾರನ್ನೋ ಹೀನಾಮಾನ ಬೈಯುತ್ತಿದ್ದ ಕೆಂಪಮ್ಮನ ಗಂಟಲು.

"ಯಾರ್ ಮಗಾ ಅದು, ಅಂಗ್ ಬಡ್ಕತಾ ಇರೋದು?"

"ನಮ್ಮವರೇ ಅತ್ತೆ. ಕೆಲಸ ಮಾಡ್ತಾವ್ರೆ."

ಮುದುಕಿ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರು. ಆಮೇಲೆ, "ತಗ್ದೇ ಇರ್ಲಿ ಬುಡು" ಎಂದು ಆ ಕಡೆಗೆ ಮಗ್ಗುಲಾದರು.